ಹಿಡಿಯದ ಬೆಸುಗೆ

ತಾಂತ್ರಿಕ ಶಾಲೆಯ ಗೋಡೆಯ ಮೇಲೆ ‘ಹೆಣ್ಣುಮಕ್ಕಳೇ, ಧೈರ್ಯವಾಗಿ ಬನ್ನಿ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಅದನ್ನು ನಂಬಿ ಎಲೆಕ್ಟ್ರಾನಿಕ್ಸ್ ತರಗತಿಗೆ ಬಂದವಳು ಇವಳೊಬ್ಬಳೇ. ಹುಡುಗರು ಗುಬ್ಬಿ ಅಂತ ಹೆಸರಿಟ್ಟರು. ಎರಡು ವರ್ಷವೂ ಬೆಂಚಿನ ಜೊತೆಗಾರ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಹಿಡಿದ, ಇವಳು ರೆಕಾರ್ಡ್ ಬರೆದಳು. “ನಿನ್ನ ಅಕ್ಷರ ಮುದ್ದಾಗಿದೆ, ನೀನು ಬರಿ” ಎಂದಿದ್ದರು ಮೇಷ್ಟ್ರು. ಐರನ್‌ಗೆ ಕೈ ಚಾಚಿದಾಗಲೆಲ್ಲ “ಸುಟ್ಕೋತೀಯ, ಆಮೇಲೆ ನಿಮ್ಮಮ್ಮ ಬಂದು ನನ್ನ ತಲೆ ತಿಂತಾರೆ” ಎಂಬ ಅವರ ಕಾಳಜಿ ಬೇರೆ. ಥೂ, ಅಂಥ ಕಾಳಜಿಗಿಷ್ಟು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾತ್ರ ಒಬ್ಬೊಬ್ಬರೇ ಮಾಡಬೇಕು. ಒಂದು ಸಣ್ಣ ಬಲ್ಬ್ ಉರಿಸುವ ಸರ್ಕ್ಯೂಟ್. ನಕ್ಷೆ ಕಣ್ಣು ಮುಚ್ಚಿದರೂ ಅವಳಿಗೆ ಬರುತ್ತಿತ್ತು. ಕೈಗೆ ಬರಲಿಲ್ಲ. ಸೀಸ ಕರಗಿ, ಉಂಡೆಯಾಗಿ ಉರುಳಿತು, ತಂತಿಗೆ ಅಂಟಲೊಲ್ಲದು. ಕೆರೆದಳು, ಮತ್ತೆ ಹಾಕಿದಳು. ಬೆರಳು ಚುರ್ ಎಂದಿತು. ಸೆರಗಿಗೆ ಒತ್ತಿ ಹಿಡಿದು, ಮತ್ತೆ ಹಾಕಿದಳು. ಜೊತೆಗಾರನ ಬಲ್ಬ್ ಆಗಲೇ ಹಲ್ಲು ಕಿರಿಯುತ್ತಿತ್ತು.

“ಗುಬ್ಬೀ, ಗೂಡು ಕಟ್ತಿದೀಯಾ?” ಎಂದ ಹಿಂದಿನವನೊಬ್ಬ. ಮೇಷ್ಟ್ರೂ ನಕ್ಕರು.

ಹುಡುಗರೆಲ್ಲ ಮುಗಿಸಿ ಹೊರಟಮೇಲೆ ಮೇಷ್ಟ್ರು ಬಂದು ಪ್ಲಗ್ ಕಿತ್ತರು.

“ಸಾಕು ಬಿಡಮ್ಮ. ಪಾಸ್ ಹಾಕ್ತೀನಿ.”

“ಬಲ್ಬ್ ಉರೀಲಿಲ್ಲ ಸರ್.”

“ಉರೀದಿದ್ರೆ ಏನೀಗ? ಇರೋಳೊಬ್ಬಳು ಹುಡುಗಿ, ನಿನ್ನೂ ಫೇಲ್ ಮಾಡಿದ್ರೆ ಮೇಲಿನವರು ನನ್ನ ಕೇಳ್ತಾರೆ.”

“ಫೇಲ್ ಮಾಡಿ ಸರ್. ಇನ್ನೊಂದು ವರ್ಷ ಕೂತು ಕಲೀತೀನಿ. ಐರನ್ ನನ್ನ ಕೈಗೆ ಕೊಡಿ, ಅಷ್ಟೇ.”

“ಪಾಸ್ ಅಂದ್ರೆ ಅಳೋರನ್ನ ಇವತ್ತೇ ನೋಡಿದ್ದು. ಏಳಮ್ಮ, ಬೀಗ ಹಾಕ್ಬೇಕು.”

ಅವಳು ಏಳಲಿಲ್ಲ. ಅವರು ಲೈಟ್ ಆರಿಸಿದರು. ಕಿಟಕಿಯಿಲ್ಲದ ಕೋಣೆ. ಕತ್ತಲ ಜೊತೆ ಎಷ್ಟು ಹೊತ್ತು ಹಟ ಹಿಡಿಯುವುದು? ಎದ್ದಳು.

ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದ ಅಮ್ಮ ರಸ್ತೆಯಲ್ಲಿ ನಿಂತಿದ್ದಳು.

“ಏನಾಯ್ತೇ?”

“ಪಾಸ್.”

ಅಮ್ಮನ ಮುಖ ಊರಗಲ ಆಯಿತು. “ಟಿವಿ ರಿಪೇರಿ ಅಂಗಡಿಯವನಿಗೆ ಹೇಳಿಟ್ಟಿದ್ದೀನಿ. ನಾಳೆಯಿಂದಲೇ ಕಳಿಸಿ ಅಂದಿದ್ದಾನೆ.”

“ಅಮ್ಮ, ನಂಗೆ ಏನೂ ಬರಲ್ಲ.”

“ಸುಮ್ನಿರೇ. ಬರದೇ ಇದ್ರೆ ಪಾಸ್ ಮಾಡ್ತಾರಾ?” ಎಂದು ಅಮ್ಮ ನಗುತ್ತಲೇ ಅಂಗಡಿ ಬೀದಿಗೆ ತಿರುಗಿದಳು.