ನೆನೆಸದ ಬಟ್ಟೆ

ಅತ್ತೆ ಕಣ್ಣು ಮುಚ್ಚಿದ ಮೇಲೆ ಹೊಲಿಗೆ ಕೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ದೊಡ್ಡ ಸೊಸೆ ಕೂತಳು. ಅಲ್ಲಿ ಕೂತವರು ಕೌದಿ ಹೇಗಿರಬೇಕೆಂದು ಹೇಳುವವರು. ಉಳಿದವರು ಹೇಳಿದಂತೆ ಹೊಲಿಯುವವರು. ಅಂದಿನಿಂದ ಕಿರಿ ಸೊಸೆಗೆ ಆ ಕುರ್ಚಿ ಕಣ್ಣಿಗೆ ಬಿದ್ದ ಕಸವಾಯಿತು.

"ವಯಸ್ಸಿಗೆ ಸಿಕ್ಕ ಕುರ್ಚಿ, ಕೈಚಳಕಕ್ಕೆ ಸಿಕ್ಕಿದ್ದಲ್ಲ" ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ದೊಡ್ಡವಳು ಕೇಳಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಒಂದು ದಿನ ಕೌದಿ ಮಾರುವ ಅಂಗಡಿಯಾಕೆ ಬಟ್ಟೆಯ ಗಂಟು ತಂದಳು. ಬಟ್ಟೆ ಹೊಸದು, ಚಿತ್ರ ಮಾತ್ರ ಹಳೆಯ ಕಾಲದ್ದು: ಬಿಳಿಯ ಮೇಲೆ ಬಟಾಣಿಯಂಥ ಚುಕ್ಕಿ, ತಟ್ಟೆಯಗಲದ ಕಿತ್ತಳೆ ಹೂವು, ಒಂದರೊಳಗೊಂದು ಕಂದು ಬಳೆ. ಇಬ್ಬರೂ ಹುಡುಗಿಯರಾಗಿದ್ದಾಗ ತೊಟ್ಟ ಫ್ರಾಕುಗಳೇ ಎದ್ದು ಬಂದಂತಿತ್ತು.

"ಒಂದೇ ಕೌದಿ, ಆಳಿಗೆ ಅರ್ಧ ಹೊಲೀರಿ" ಎಂದಳು ಅಂಗಡಿಯಾಕೆ. "ಯಾರ ಅರ್ಧ ನನಗೆ ಒಪ್ಪುತ್ತೋ, ಇನ್ಮುಂದೆ ಅವರದೇ ಮಾತು. ನಿಮ್ಮ ಜಗಳ ಕೇಳಿ ಕೇಳಿ ಸಾಕಾಗಿದೆ."

ಕಿರಿಯವಳು ಚೌಕುಳಿ ಹಾಳೆಯ ಮೇಲೆ ಚೌಕ, ತ್ರಿಕೋನ ಬರೆದು ಬಣ್ಣ ತುಂಬಿದಳು. ದೊಡ್ಡವಳು ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. ಗಂಜಿ ಸರಸರ ಎಂದಿತು.

"ಕತ್ತರಿ ಹಾಕೋಕೆ ಮುಂಚೆ ನೆನೆಸ್ತೀಯಾ ತಾನೆ?"

"ಅಕ್ಕ, ನಿಮ್ಮ ಅರ್ಧ ನೀವು ನೋಡ್ಕೊಳ್ಳಿ. ನನಗೆ ಹೇಳಿಕೊಡೋ ಕಾಲ ಯಾವತ್ತೋ ಹೋಯ್ತು."

ಅತ್ತೆ ಯಾವುದನ್ನಾದರೂ ಮೂರು ಸಲ ಹೇಳುತ್ತಿದ್ದಳು, ಕಿವಿ ಸವೆಯುವ ಹಾಗೆ. ದೊಡ್ಡವಳು ನೆನೆಸುವ ಮಾತನ್ನು ಒಂದೇ ಸಲ ಎತ್ತಿ ಬಾಯಿಗೆ ಬೀಗ ಹಾಕಿದಳು. ತನ್ನ ಪಾಲಿನ ಬಟ್ಟೆಯನ್ನು ಹಿತ್ತಲಿಗೆ ಒಯ್ದು ಬಕೆಟ್ಟಿನಲ್ಲಿ ನೆನೆಹಾಕಿದಳು. ನೀರು ಕಿತ್ತಳೆಯಾಯಿತು. ಮೂರು ನೀರು ಬದಲಿಸಿ, ಒಣಗಿಸಿ, ಇಸ್ತ್ರಿ ಹಾಕಿ ತಂದಳು.

"ಬಾಡಿದ ಮುಖದವರ ಕೈಗೆ ಸಿಕ್ರೆ ಬಟ್ಟೇನೂ ಬಾಡುತ್ತೆ ನೋಡಿ" ಎಂದು ಕಿರಿಯವಳು ನಕ್ಕಳು. ದೊಡ್ಡವಳು ನೆನೆಸಿದ್ದಕ್ಕೆ ಕಾರಣ ಹೇಳದೆ ಕತ್ತರಿ ಹಿಡಿದಳು.

ಹಳೆಯ ಹಾಸುಬಟ್ಟೆಯನ್ನು ಅಡಿಗೆ ಹರಡಿ, ಮೇಲೆ ತುಂಡು ಜೋಡಿಸಿ, ಆ ತುದಿಯಿಂದ ಒಬ್ಬಳು ಈ ತುದಿಯಿಂದ ಒಬ್ಬಳು ಹೊಲಿಯುತ್ತ ಬಂದರು. ಇಪ್ಪತ್ತು ದಿನ. ನಡುವಿನ ಸಾಲನ್ನು ಇಬ್ಬರೂ ಹೊಲಿಯಬೇಕಾಗಿ ಬಂದಾಗ ಮೊಣಕೈಗೆ ಮೊಣಕೈ ತಾಗಿತು. ಒಬ್ಬಳೂ ಸರಿಯಲಿಲ್ಲ.

ಅಂಗಡಿಯಾಕೆ ಬಂದು ನೋಡಿದಳು. ಕಿರಿಯವಳ ಅರ್ಧ ಮಿರಮಿರ ಮಿಂಚುತ್ತಿತ್ತು.

"ಇದು ಕಣ್ಣು ಸೆಳೆಯುತ್ತೆ."

ಅಷ್ಟು ಸಾಕಾಯಿತು. ಕಿರಿಯವಳು ಹೋಗಿ ಕಿಟಕಿ ಪಕ್ಕದ ಕುರ್ಚಿಯ ಮೇಲೆ ತನ್ನ ಸೂಜಿಡಬ್ಬಿ ಇಟ್ಟಳು. ದೊಡ್ಡವಳಿಗೆ ಮೂವತ್ತು ವರ್ಷ ಅತ್ತೆಯ ಕಾಲಬುಡದಲ್ಲಿ ಕೂತು ದಕ್ಕಿದ ಜಾಗ ಅದು.

"ತಡೀರಿ" ಎಂದಳು ಅಂಗಡಿಯಾಕೆ. "ಒಂದು ಸಲ ಒಗೆದು ಕೊಡಿ. ಒಗೆಯದ ಕೌದಿ ನಾನು ಮಾರೋದಿಲ್ಲ."

ಮರುದಿನ ಮಧ್ಯಾಹ್ನ ಒಣಗಿದ ಕೌದಿಯನ್ನು ನೆಲದ ಮೇಲೆ ಹರಡಿದರು. ದೊಡ್ಡವಳ ಅರ್ಧ ಒರೆಸಿಟ್ಟ ಮೇಜಿನಂತೆ ಸಪಾಟಾಗಿತ್ತು. ಕಿರಿಯವಳದ್ದು ಸುಟ್ಟ ಹಪ್ಪಳದಂತೆ ಮುದುಡಿತ್ತು. ಮೇಲಿನ ಹೊಸ ಬಟ್ಟೆ ಕುಗ್ಗಿ, ಅಡಿಯ ಹಳೆಯದು ಕುಗ್ಗದೆ ಗಂಟುಗಂಟಾಗಿತ್ತು. ಕಿತ್ತಳೆ ಬಣ್ಣ ಬಿಳಿ ಚೌಕಗಳಿಗೆಲ್ಲ ಹರಿದಿತ್ತು.

"ಇನ್ಮುಂದೆ ದೊಡ್ಡವರ ಮಾತು" ಎಂದಳು ಅಂಗಡಿಯಾಕೆ. "ನಡುವಿನ ಸಾಲಿನಿಂದ ಬಿಚ್ಚಿ, ಈ ಅರ್ಧ ಮತ್ತೆ ಹೊಲೀರಿ."

ಅವಳು ಹೋದ ಮೇಲೆ ದೊಡ್ಡವಳು ಸೂಜಿಡಬ್ಬಿಯನ್ನೆತ್ತಿ ನೆಲದ ಮೇಲಿಟ್ಟು ಕುರ್ಚಿಯಲ್ಲಿ ಕೂತಳು.

"ನಿಮಗೆ ಗೊತ್ತಿತ್ತು" ಎಂದಳು ಕಿರಿಯವಳು.

"ನೆನೆಸ್ತೀಯಾ ಅಂತ ಕೇಳಿದ್ದೆ."

"ಒಂದು ಸಲ. ಅತ್ತೆ ಆಗಿದ್ರೆ ಮೂರು ಸಲ ಹೇಳ್ತಿದ್ರು."

ಈ ಮಾತು ನಾಟಬೇಕಾದಲ್ಲೇ ನಾಟಿತು. ದೊಡ್ಡವಳು ಕುರ್ಚಿಯಲ್ಲಿ ತುಸು ಸರಿದು, ಕೌದಿಯ ನಡುಸಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಹೇಳ್ತಿದ್ರು" ಎಂದಳು. "ಕತ್ತರಿ ಕೊಡು."

ಕಿರಿಯವಳು ಕೊಟ್ಟಳು, ಮೊನೆಯನ್ನು ಅಕ್ಕನ ಕಡೆಗೇ ಮಾಡಿ.