ಬ್ರಾವಾ ಎಂದೇ ಬರೆಯಿರಿ

ವೌಪೇಸ್ ನದಿಯ ದಂಡೆಯ ವಸತಿಶಾಲೆಯಲ್ಲಿ ಎದಿಲ್ಮಾ ಹದಿನಾಲ್ಕು ವರ್ಷಗಳಿಂದ ಅಡುಗೆ ಮಾಡುತ್ತಿದ್ದಳು. ಆ ಮಂಗಳವಾರ ದೋಣಿಯಿಂದಿಳಿದ ಆಹಾರ ಪರೀಕ್ಷಕಿ ಯೊಲಿಮಾ ದಾಸ್ತಾನು ಪಟ್ಟಿಯ ಮೂರನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು. ‘ಯೂಕಾ ಬ್ರಾವಾ’ ಎಂದಿತ್ತು. ಯೂಕಾ ಎಂದರೆ ಮರಗೆಣಸು. ಬ್ರಾವಾ ಎನ್ನುವುದು ಮಾತ್ರ ಅವಳಿಗೆ ಹಿಡಿಸಲಿಲ್ಲ. ಅವಳು ಬೆಳೆದ ಬೆಟ್ಟದೂರಿನಲ್ಲಿ ಸಿಟ್ಟಾದವರನ್ನು ಹಾಗೆನ್ನುತ್ತಿದ್ದರು.

“ಗೆಣಸಿಗೂ ಸಿಟ್ಟು ಬರುತ್ತಾ, ಎದಿಲ್ಮಾ ಅವರೇ?”

“ಹಸೀದು ತಿಂದು ನೋಡಿ ಮೇಡಂ, ಗೊತ್ತಾಗುತ್ತೆ,” ಎಂದಳು ಪಾತ್ರೆ ತೊಳೆಯುತ್ತಿದ್ದ ಮುದುಕಿ ಬೆರ್ನಾರ್ದಾ.

ಯೊಲಿಮಾ ನಗಲಿಲ್ಲ. ಈ ಜಾತಿಯ ಗೆಣಸಿನಲ್ಲಿ ಸಯನೈಡ್ ಇದೆಯೆಂದು ಅವಳು ಓದಿದ್ದಳು. ಅದರ ರೊಟ್ಟಿಯನ್ನು ತೊಂಬತ್ತು ಮಕ್ಕಳಿಗೆ ಬಡಿಸಲು ತಾನು ಸಹಿ ಹಾಕಲಾರೆ, ವಿಮಾನದಲ್ಲಿ ಬರುವ ಅಕ್ಕಿ, ಮೈದಾ ಸಾಕು ಎಂದಳು. ಮೋಡ ಕವಿದ ವಾರಗಳಲ್ಲಿ ವಿಮಾನವೇ ಬರುವುದಿಲ್ಲವೆಂದು ಎದಿಲ್ಮಾ ವಾದಿಸಲು ಹೋಗಲಿಲ್ಲ. ವಿಷ ಪರೀಕ್ಷಿಸುವ ನಿಮ್ಮ ಕಾಗದದ ಪಟ್ಟಿಗಳನ್ನೆಲ್ಲ ಹೊರತೆಗೆಯಿರಿ, ನಾನು ಮಾಡುವುದನ್ನು ಮೊದಲಿಂದ ಕೊನೆಯವರೆಗೆ ನೋಡಿ ಎಂದಳು. ದೋಣಿ ಹೇಗೂ ಶುಕ್ರವಾರವೇ ಮರಳುವುದಿತ್ತು.

ಎದಿಲ್ಮಾ ಗೆಣಸನ್ನು ಸುಲಿದಳು, ತುರಿದಳು, ತೊಳೆದು ಹಿಂಡಿದಳು. ತುರಿಯನ್ನು ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ ತೊಲೆಗೆ ನೇತುಹಾಕಿ, ಅದರ ತುದಿಗೆ ಸಿಕ್ಕಿಸಿದ ಕೋಲಿನ ಮೇಲೆ ಕುಳಿತಳು. ಚೀಲ ಉದ್ದಕ್ಕೆ ಜಗ್ಗಿ, ಸಣ್ಣಗಾಗಿ, ರಸ ಸುರಿಯಿತು. ಹಸಿ ತುರಿಯೊಂದಿಗೆ ಸೀಸೆಯಲ್ಲಿ ಮುಚ್ಚಿಟ್ಟ ಹಳದಿ ಕಾಗದದ ಪಟ್ಟಿ ವಿಷ ತಾಗಿ ಮರುದಿನಕ್ಕೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ರಸದ್ದೂ ಹಾಗೆಯೇ. ದೊಡ್ಡ ಹೆಂಚಿನ ಮೇಲೆ ಸುಟ್ಟ ರೊಟ್ಟಿಯದ್ದು ಮಾತ್ರ ಹಳದಿಯಾಗಿಯೇ ಉಳಿಯಿತು. ಯೊಲಿಮಾ ಒಂದೇ ಪಟ್ಟಿಯನ್ನು ನಂಬುವವಳಲ್ಲ. ಐದು ರೊಟ್ಟಿಗಳಿಂದ ಐದು ಚೂರು ಮುರಿದು ನೋಡಿದ್ದಳು. ಐದೂ ಹಳದಿ.

ಶುಕ್ರವಾರ ಬೆಳಿಗ್ಗೆ ಅವಳು ರೊಟ್ಟಿಯ ತುಂಡೊಂದನ್ನು ಮೀನಿನ ಸಾರಿನಲ್ಲಿ ಅದ್ದಿ ತಿಂದು, ಅದನ್ನು ಬಡಿಸಲು ಒಪ್ಪಿಗೆ ಕೇಳುವ ಅರ್ಜಿ ಬಿಡಿಸಿದಳು. ಬ್ರಾವಾ ಎಂದು ಕಂಡರೆ ಮೇಲಿನ ಕಚೇರಿಯವರು ಹೆದರುತ್ತಾರೆ, ‘ಮಾನ್ಸಾ’ ಎಂದು ಬರೆದುಬಿಡುತ್ತೇನೆ ಎಂದಳು. ಮಾನ್ಸಾ ಎಂದರೆ ಸಾಧು. ಸಾಧು ಗೆಣಸೂ ಈ ಊರಲ್ಲಿ ಬೆಳೆಯುತ್ತಿತ್ತು, ಬರೀ ಬೇಯಿಸಿ ತಿನ್ನುವಂಥದ್ದು.

“ಬೇಡ. ಬ್ರಾವಾ ಅಂತಲೇ ಬರೀರಿ.”

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ರೊಟ್ಟಿ ಚೆನ್ನಾಗಿದೆ. ಅದಕ್ಕೆ ಕೆಟ್ಟ ಹೆಸರು ಯಾಕೆ?”

“ಕೆಟ್ಟ ಹೆಸರಲ್ಲ ಮೇಡಂ. ಮಳೆಗಾಲದ ಹೊಳೇನೂ ನಾವು ಬ್ರಾವಾ ಅಂತೀವಿ. ಹಾಗಂತ ದೋಣಿ ಬಿಡೋದು ನಿಲ್ಲಿಸ್ತೀವಾ? ಬಲ್ಲವನ ಕೈಗೆ ಚುಕ್ಕಾಣಿ ಕೊಡ್ತೀವಿ. ನಾಯಿ ಬ್ರಾವಾ ಅಂದ್ರೆ ಹೊರಗೇ ನಿಂತು ಮನೆಯವರನ್ನ ಕೂಗ್ತೀವಿ.”

“ಸೊಸೆ ಬ್ರಾವಾ ಅಂದ್ರೆ ಕೂಗೋದೂ ಇಲ್ಲ,” ಎಂದಳು ಬೆರ್ನಾರ್ದಾ.

ಎದಿಲ್ಮಾ ನಗುತ್ತಲೇ ಅರ್ಜಿಯ ಮೇಲೆ ಬೆರಳಿಟ್ಟಳು. ಅವಳ ತಾಯಿಯ ಭಾಷೆಯಲ್ಲಿ ಈ ಗೆಣಸಿಗೆ ವಿಶೇಷಣವೇ ಬೇಕಿರಲಿಲ್ಲ. ಗೆಣಸೆಂದರೆ ಇದೇ, ಹಿಂಡಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಈ ಕಾಗದವನ್ನು ಮುಂದೆ ಓದುವವರು ಯಾರೋ.

“ನನ್ನ ನಂತರ ಎಲ್ಲಿಂದಲೋ ಒಬ್ಬಳು ಅಡುಗೆಗೆ ಬರ್ತಾಳೆ. ಸಾಧು ಅಂತ ಓದಿ, ಬರೀ ಬೇಯಿಸಿ ಬಡಿಸಿದ್ರೆ?”

ಯೊಲಿಮಾ ಅರ್ಜಿಯನ್ನು ತನ್ನತ್ತ ಎಳೆದುಕೊಂಡಳು. ಬ್ರಾವಾ ಎಂದು ಬರೆದರೆ ಅರ್ಜಿ ಮರಳಿ ಬರಬಹುದು, ಒಪ್ಪಿಗೆ ಸಿಗುವ ತನಕ ರೊಟ್ಟಿ ಬಡಿಸುವಂತಿಲ್ಲ, ಒಂದು ತಿಂಗಳೋ ಎರಡೋ ಎಂದಳು. ಎದಿಲ್ಮಾ ಹೊರಗೆ ನೋಡಿದಳು. ಮಕ್ಕಳು ಊಟಕ್ಕೆ ಸಾಲು ನಿಂತಿದ್ದರು.

“ಮರಳಿ ಬಂದ್ರೆ ಮತ್ತೆ ಕಳಿಸ್ತೀನಿ. ಬರೀರಿ.”

ಯೊಲಿಮಾ ಬ್ರಾವಾ ಎಂದು ಬರೆದಳು. ಅದರ ಕೆಳಗೆ ಸುಲಿಯುವುದರಿಂದ ಸುಡುವವರೆಗೆ ಎದಿಲ್ಮಾ ಹೇಳಿದ್ದನ್ನೆಲ್ಲ ಬರೆದು, ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದಳು. ಎದಿಲ್ಮಾ ಅದನ್ನು ಮೊದಲಿಂದ ಗಟ್ಟಿಯಾಗಿ ಓದಿಸಿದಳು. ರಸ ಚೆಲ್ಲಿದ ಕಡೆ ಕೋಳಿಗಳನ್ನು ಬಿಡಬಾರದೆಂಬುದು ಬಿಟ್ಟುಹೋಗಿದೆ ಎಂದು ಬೆರ್ನಾರ್ದಾ ನೆನಪಿಸಿದಳು. ದೋಣಿಯವನು ಎರಡನೆಯ ಸಲ ಕರೆದ.

“ಕಾಯ್ತಾನೆ ಬಿಡಿ,” ಎಂದಳು ಎದಿಲ್ಮಾ. “ಕೋಳಿದೂ ಸೇರಿಸಿ.”