ಗೊಂಬೆಯ ಬಾಯಿಂದ ಬಂದ ನಮಸ್ಕಾರ

ರಾತ್ರಿ, ದೀಪ ಆರಿಸಿದ್ದ, ವಿದ್ಯಾರ್ಥಿಗಳು ಅಭ್ಯಾಸ ಮಾಡುವ ವಾರ್ಡಿನಲ್ಲಿ ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.

ಬಾಗಿಲಲ್ಲಿದ್ದ ಇಂಗ್ವಿಲ್ ನಿಂತಲ್ಲೇ ನಿಂತಳು. ಉತ್ತರ ನಾರ್ವೆಯ ಆ ನರ್ಸಿಂಗ್ ಕಾಲೇಜಿಗೆ ಪಾಠ ಹೇಳಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ರಾಜೀನಾಮೆ ಕೊಡುವವಳಿದ್ದಳು. ವಾರ್ಡಿನಲ್ಲಿ ಬಿಟ್ಟಿದ್ದ ಬೂಟು ತೆಗೆದುಕೊಂಡರೆ ಅವಳ ಸಾಮಾನೆಲ್ಲ ಕಟ್ಟಿದಂತೆ.

ಕಾರಣ, ಹಿರಿಯ ಅಧ್ಯಾಪಕಿ ತೂರುನ್. ಅವಳು ಬೈಯುತ್ತಿರಲಿಲ್ಲ; ಬೈದಿದ್ದರೆ ದೂರಾದರೂ ಕೊಡಬಹುದಿತ್ತು. ಇಂಗ್ವಿಲ್ ನಮಸ್ಕಾರ ಹೇಳಿದರೆ ಕಿಟಕಿಯಾಚೆ ಮೋಡ ನೋಡುತ್ತಿದ್ದಳು. ಮೀಟಿಂಗಿನಲ್ಲಿ ಬಾಯಿ ತೆರೆದರೆ ನಿಟ್ಟುಸಿರು ಬಿಡುತ್ತಿದ್ದಳು. ಮೊನ್ನೆಯಂತೂ ವಿದ್ಯಾರ್ಥಿಗಳ ಮುಂದೆಯೇ, "ಇವಳು ಹೇಳಿಕೊಟ್ಟ ಹಾಗೇ ಬ್ಯಾಂಡೇಜ್ ಕಟ್ಟಿ, ಆಮೇಲೆ ಮಣ್ಣು ಮಾಡೋಕೆ ಪಾದ್ರಿಗೆ ಫೋನ್ ಮಾಡಿ," ಎಂದಿದ್ದಳು.

"ಗುಡ್ ಮಾರ್ನಿಂಗ್, ಇಂಗ್ವಿಲ್."

ಮಾತಾಡಿದ್ದು ಹಾಸಿಗೆಯ ಮೇಲಿನ ಹೆನ್ರಿಕ್. ಅವನು ರೋಗಿಯ ಗೊಂಬೆ. ಪಕ್ಕದ ಕೋಣೆಯ ಮೈಕಿನಲ್ಲಿ ಅಧ್ಯಾಪಕರು ನರಳಿದರೆ ಅವನ ಬಾಯಿಂದ ನರಳಾಟ ಬರುತ್ತದೆ. ಈಗ ಬಂದದ್ದು ತೂರುನ್ ದನಿ! ನಾಳಿನ ಪರೀಕ್ಷೆಗೆ ಗೊಂಬೆಯನ್ನು ಅಣಿಮಾಡಿ, ಮೈಕು ಆರಿಸುವುದನ್ನು ಮರೆತು ಆ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು.

"ಥೂ, ಹೆಣಕ್ಕೆ ಹೇಳಿದ ಹಾಗಾಯ್ತು," ಎಂದು ಹೆನ್ರಿಕ್ ತನ್ನನ್ನೇ ಬೈದುಕೊಂಡ. "ಗುಡ್ ಮಾ...ರ್ನಿಂಗ್! ಅಯ್ಯೋ, ಇದು ಸೋಫಾ ಮಾರೋರ ಥರ." ಗೊಂಬೆಯ ಬಾಯಲ್ಲಿ ಕುರ್ಚಿ ಕಿರುಗುಟ್ಟಿತು. "ಹುಡುಗಿ ಗಂಟುಮೂಟೆ ಕಟ್ತಿದಾಳೆ. ಗಾಯದ ಪಾಠ ಅವಳಷ್ಟು ಚೆನ್ನಾಗಿ ಯಾರು ಮಾಡ್ತಾರೆ? ತಪ್ಪಾಯ್ತು ಅನ್ನೋಣ ಅಂದ್ರೆ, ಗುಡ್ ಮಾರ್ನಿಂಗೇ ಬಾಯಿಗೆ ಬರ್ತಿಲ್ಲ ಈ ಮುದುಕಿಗೆ!"

ಇಂಗ್ವಿಲ್ ಬೂಟನ್ನೂ ಮರೆತು ತುದಿಗಾಲಲ್ಲಿ ಹೊರಬಿದ್ದಳು. ರಾಜೀನಾಮೆಯನ್ನು ಒಂದು ದಿನದ ಮಟ್ಟಿಗೆ ಮುಂದೂಡಿದಳು.

ಬೆಳಿಗ್ಗೆ ಕಾಫಿ ಕೋಣೆಯಲ್ಲಿ ತೂರುನ್ ಅವಳ ಮುಂದೆ ಬಂದು ನೆಟ್ಟಗೆ ನಿಂತಳು. ಮುಖ ಕಿವಿಯವರೆಗೂ ಕೆಂಪೇರಿತ್ತು.

"ಗುಡ್ ಮಾ...ರ್ನಿಂಗ್, ಇಂಗ್ವಿಲ್!"

ಕೊನೆಗೂ ಸೋಫಾ ಮಾರುವವರ ದನಿಯೇ ಗೆದ್ದಿತ್ತು. ಇಂಗ್ವಿಲ್ ನಗು ತಡೆಯಲು ಕೆನ್ನೆಯನ್ನು ಒಳಗಿಂದ ಕಚ್ಚಿ ಹಿಡಿದಳು.

"ಗುಡ್ ಮಾರ್ನಿಂಗ್, ತೂರುನ್. ಕಾಫಿ ಹಾಕ್ಲಾ?"

"ಹಾಕು. ನಿನ್ನ ಕೈ ಕಾಫಿ ನೀರು ನೀರಾಗಿರುತ್ತೆ. ಪರವಾಗಿಲ್ಲ, ಹಾಕು."

ತೂರುನ್ ಲೋಟ ಹಿಡಿದು ಹೋದದ್ದೇ ತಡ, ಜೊತೆಯ ಅಧ್ಯಾಪಕಿ ಮಾರಿತ್ ಹತ್ತಿರ ಸರಿದಳು.

"ಏನೇ ಇದು! ಏನು ಮದ್ದು ಹಾಕಿದ್ಯೇ ಅವಳಿಗೆ? ಹೇಳೇ, ಪುಣ್ಯ ಬರುತ್ತೆ!"

ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಇಡೀ ಕಾಲೇಜು ಆ ದನಿಯನ್ನು ಅಣಕಿಸುತ್ತಿತ್ತು. ತೂರುನ್ ಮತ್ತೆ ಮೋಡ ನೋಡಲು ಶುರುಮಾಡುತ್ತಿದ್ದಳು, ಸಾಯುವವರೆಗೂ.

"ಚೆನ್ನಾಗಿ ನಿದ್ದೆ ಬಂದಿರಬೇಕು ಕಣೇ," ಎಂದಳು ಇಂಗ್ವಿಲ್. ರಾಜೀನಾಮೆ ಕೊಡದೆ ಇಲ್ಲೇ ಉಳಿಯಬೇಕೆಂದೂ, ಇದನ್ನು ಯಾರಿಗೂ, ಮನೆಯಲ್ಲಿ ಗಂಡನಿಗೂ, ಹೇಳಬಾರದೆಂದೂ ಅಲ್ಲೇ ನಿಶ್ಚಯಿಸಿದಳು.